ಹಾಯಿದೋಣಿಗೆ ಬೂದುಗುಂಬಳ

ಯಾವ ವಸ್ತುವಿನ ಮೇಲೆ ನಮಗೆ ನಿಜವಾದ ಪ್ರೀತಿಯಿದೆಯೋ ಅದರ ಪ್ಲಾಸ್ಟಿಕ್ ಕವರನ್ನು ನಾವು ತೆಗೆಯುವುದಿಲ್ಲ. ನಮ್ಮ ಮನೆಯ ಟಿವಿ ರಿಮೋಟಿಗೆ ಕವರಿದೆ. ಪಕ್ಕದ ಮನೆಯವರ ಕಾರಿನ ಸೀಟು ಕವರಿನೊಳಗೇ ಹುಟ್ಟಿ ಕವರಿನೊಳಗೇ ಮುಪ್ಪಾಗುತ್ತಿದೆ. ಇನ್ನು ಪ್ರಾಣ ಉಳಿಸುವ ಸಾಮಾನಿನ ಮೇಲಂತೂ ನಮ್ಮ ಪ್ರೀತಿಗೆ ಎಲ್ಲೆಯೇ ಇಲ್ಲ. ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ತಲೆಗೆ ಹಾಕಿದರೆ ಎಲ್ಲಿ ಸವೆದೀತೋ ಎಂದು ಜನ ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಹೋಗುತ್ತಿರುತ್ತಾರೆ. ಈ ಊರಿನಲ್ಲಿ ಮೊಣಕೈಯಷ್ಟು ಸುರಕ್ಷಿತವಾದ ಅಂಗ ಇನ್ನೊಂದಿಲ್ಲ. ಇಂದಿರಾನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಆರಿಸುವ ಪೈಪಿಗೆಂದು ಒಂದು ಗಾಜಿನ ಪೆಟ್ಟಿಗೆಯಿದೆ. ಅದರೊಳಗೆ ವಾಚ್‌ಮ್ಯಾನಿನ ಊಟದ ಡಬ್ಬಿಯೂ ಒಂದು ಪೊರಕೆಯೂ ಇವೆ. ಬೆಂಕಿ ಬಿದ್ದರೆ ಊಟ ಮುಗಿಸಿ ಗುಡಿಸಿಬಿಡಬಹುದು.

ಇಂಥ ಊರಿನಲ್ಲಿ ನಾನೊಬ್ಬ ಸುರಕ್ಷಾಧಿಕಾರಿ. ನಗಬೇಡಿ. ಹಲಸೂರು ಕೆರೆಯಲ್ಲಿ ನಾನೂ ದೊಮ್ಮಲೂರಿನ ಮುನಿಯಪ್ಪನೂ ಸೇರಿ ಒಂದು ಪುಟ್ಟ ಹಾಯಿದೋಣಿ ಇಟ್ಟುಕೊಂಡಿದ್ದೇವೆ. ಮುನಿಯಪ್ಪನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಆಫೀಸುಗಳು ಬೆಳೆದಿವೆ. ಬಾಡಿಗೆ ತಾನಾಗಿಯೇ ಬರುವುದರಿಂದ ಅವನಿಗೆ ಗಾಳಿಗೆ ಕಾಯುತ್ತಾ ಕೂರುವಷ್ಟು ಪುರುಸೊತ್ತಿದೆ. ದೋಣಿಯ ಒಡೆತನ ಇಬ್ಬರದೂ ಸಮ. ಬುದ್ಧಿ ಮಾತ್ರ ನನ್ನದು. ಆದ್ದರಿಂದ ಸುರಕ್ಷತೆಯ ಹೊಣೆಯನ್ನು ನಾನೇ ವಹಿಸಿಕೊಂಡೆ. ಎರಡು ಲೈಫ್ ಜಾಕೆಟ್ಟು, ನೀರಿಗೆ ಬಿದ್ದವರಿಗೆ ಎಸೆಯಲು ಹಗ್ಗ ಕಟ್ಟಿದ ಒಂದು ಕೆಂಪು ಟ್ಯೂಬು, ಊದಿ ಕರೆಯಲು ಒಂದು ವಿಶಲ್. ಇವನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ನನ್ನ ಪರೀಕ್ಷೆಯ ಕ್ರಮ ಬಹಳ ಕಟ್ಟುನಿಟ್ಟು. ದಡದ ಕಲ್ಲುಬೆಂಚಿನ ಮೇಲೆ ಕಾಫಿ ಹಿಡಿದು ಕೂತು ಕೇಳುತ್ತೇನೆ.

“ಮುನಿಯಪ್ಪ, ಎಲ್ಲಾ ಇದ್ಯಾ?”

“ಇದೆ ಗುರು.”

ಪರೀಕ್ಷೆ ಮುಗಿಯಿತು. ನಮ್ಮ ದೇಶದ ಎಷ್ಟೋ ದೊಡ್ಡ ದೊಡ್ಡ ಪರೀಕ್ಷೆಗಳೂ ಹೀಗೇ ನಡೆಯುತ್ತವೆ, ಕಾಫಿ ಮಾತ್ರ ಬೇರೆ ಬೇರೆ.

ಎಲ್ಲವೂ ಸುಗಮವಾಗಿತ್ತು, ನನ್ನ ಹೆಂಡತಿ ಕಮಲಳೊಬ್ಬಳನ್ನು ಬಿಟ್ಟರೆ. ಆಕೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ದೋಣಿ ಹತ್ತಿರಲಿಲ್ಲ. ಸಕ್ಕರೆ ಡಬ್ಬಿಯಲ್ಲಿ ರಬ್ಬರ್ ಹಲ್ಲಿ ಇಡುವುದು, ಬೆಳ್ಳಂಬೆಳಗ್ಗೆ ‘ನಿಮ್ಮಕ್ಕ ಬಂದಿದ್ದಾರೆ’ ಎಂದು ಸುಳ್ಳೇ ಎಬ್ಬಿಸುವುದು, ಅವಳು ಕೆರೆಯ ದಡದಲ್ಲಿ ನಿಂತಿರುವಾಗ ನೀರಿಗಿಳಿದು ಮುಳುಗಿದಂತೆ ನಟಿಸುವುದು, ಹೀಗೆ ನಾನು ಸಂಸಾರಕ್ಕೆ ಸಲ್ಲಿಸಿದ ಸೇವೆಯ ಫಲ ಅದು. ‘ನಿಮ್ಮನ್ನ ನಂಬ್ಕೊಂಡು ನೆಲದ ಮೇಲೆ ನಡೆಯೋದೇ ಕಷ್ಟ, ಇನ್ನು ನೀರಿನ ಮೇಲೆ ಬರ್ತೀನಾ’ ಎನ್ನುತ್ತಿದ್ದಳು. ಈ ವರ್ಷ ಆಯುಧಪೂಜೆಯ ದಿನ ಏನನ್ನಿಸಿತೋ, ಒಂದು ಷರತ್ತು ಹಾಕಿದಳು.

“ನಾಳೆ ಮೊದ್ಲು ನೀವು ನೀರಿಗೆ ಬೀಳ್ಬೇಕು ರೀ. ನಿಮ್ಮ ಆ ಸಾಮಾನು ನಿಮ್ಮನ್ನ ಉಳಿಸಿದ್ರೆ ನಾನು ದೋಣಿ ಹತ್ತೀನಿ.”

“ಉಳಿಸ್ದೇ ಇದ್ರೆ?”

“ದೋಣಿ ಮುನಿಯಪ್ಪನವರಿಗೆ ಬಿಟ್ಬಿಡಿ. ಪ್ರತಿ ಭಾನುವಾರ ಚೀಲ ಹಿಡ್ಕೊಂಡು ಶಿವಾಜಿನಗರದ ಮಾರ್ಕೆಟ್‌ಗೆ ಹೋಗಿ.”

ಅಂದರೆ ನನ್ನ ಉಳಿದ ಆಯುಷ್ಯದ ಭಾನುವಾರಗಳೆಲ್ಲ ಪಣಕ್ಕೆ ಬಿದ್ದವು. ನಾನು ಮೀಸೆ ತಿರುವಿ ಒಪ್ಪಿಕೊಂಡೆ. ಈಜಿನಲ್ಲಿ ನನ್ನನ್ನು ಮೀರಿಸುವವರು ಇಡೀ ಕಂಟೋನ್ಮೆಂಟಿನಲ್ಲಿ ಇರಲಿಲ್ಲ. ನನ್ನ ಹೊಟ್ಟೆ ಮುಂದೆ ಬರುವುದಕ್ಕಿಂತ ಹಿಂದಿನ ಮಾತು ಅದು.

ಅಷ್ಟರಲ್ಲಿ ಮುನಿಯಪ್ಪ ಆಯುಧಪೂಜೆಯನ್ನು ಭರ್ಜರಿಯಾಗಿ ಮುಗಿಸಿದ್ದ. ಜಾಕೆಟ್ಟುಗಳಿಗೆ ವಿಭೂತಿ ಪಟ್ಟೆ, ಟ್ಯೂಬಿಗೆ ಚೆಂಡು ಹೂವಿನ ಹಾರ, ವಿಶಲ್ಲಿಗೆ ಗಂಧ. ಚಕ್ರವೇ ಇಲ್ಲದ ದೋಣಿಯಲ್ಲಿ ನಿಂಬೆಹಣ್ಣನ್ನು ಯಾವುದರ ಕೆಳಗೆ ಇಡಬೇಕೆಂದು ಅವನು ಬಹಳ ಹೊತ್ತು ಯೋಚಿಸಿ, ಕೊನೆಗೆ ಜ್ಯೂಸು ಮಾಡಿ ಕುಡಿದನಂತೆ. ದೃಷ್ಟಿಗೆಂದು ಒಂದು ಬೂದುಗುಂಬಳವನ್ನು ಒಡೆದು, ಇನ್ನೊಂದು ದೊಡ್ಡದನ್ನು ಕಮಲಳ ಮಜ್ಜಿಗೆಹುಳಿಗೆಂದು ದೋಣಿಯಲ್ಲೇ ಇಟ್ಟಿದ್ದ.

ಮರುದಿನ ಬೆಳಿಗ್ಗೆ ಕಮಲ ದಡದಲ್ಲಿ ನಿಂತಳು. ವಾಕಿಂಗ್ ಬಂದಿದ್ದ ಜನರೂ ನಿಂತರು. ಇಷ್ಟೊಂದು ಪ್ರೇಕ್ಷಕರನ್ನು ಕಂಡು ನನಗೆ ಹುಮ್ಮಸ್ಸು ತಡೆಯಲಾಗಲಿಲ್ಲ. ಜಾಕೆಟ್ಟು ಏರಿಸಿ, ಜನರಿಗೊಂದು ಸಲಾಮು ಹೊಡೆದು, ಸ್ವಲ್ಪ ಆಳವಿರುವ ಕಡೆಗೇ ಮುನಿಯಪ್ಪನ ಕೈಲಿ ದೋಣಿ ನಡೆಸಿಕೊಂಡು ಹೋಗಿ ದುಮುಕಿದೆ.

ನೀರಿನಲ್ಲಿ ನನಗೆ ಗೊತ್ತಾದ ಮೊದಲ ಸಂಗತಿ, ಜಾಕೆಟ್ಟಿನ ಕವರನ್ನು ಯಾರೂ ತೆಗೆದಿಲ್ಲ ಎಂಬುದು. ತಲೆ, ತೋಳು ತೂರಿಸಲು ಎಲ್ಲೆಲ್ಲಿ ಬೇಕೋ ಅಲ್ಲಷ್ಟೇ ಮುನಿಯಪ್ಪ ಕತ್ತರಿಸಿದ್ದ. ಸೊಂಟಕ್ಕೆ ಬಿಗಿಯುವ ಪಟ್ಟಿಗಳು ಕವರಿನೊಳಗೇ ಮಡಚಿಕೊಂಡಿದ್ದವು. ಜಾಕೆಟ್ಟು ಚೆನ್ನಾಗಿಯೇ ತೇಲಿತು, ನನ್ನ ಕಿವಿಗಳ ಮಟ್ಟದಲ್ಲಿ. ನಾನು ಅದರ ಕೆಳಗೆ ಮುಳುಗುತ್ತಿದ್ದೆ. ಕೊರಳಲ್ಲಿದ್ದ ವಿಶಲ್ ಊದಿದೆ. ಸದ್ದು ಬರಲಿಲ್ಲ. ಉಸಿರೆಳೆದಾಗ ಒಣಗಿದ ಗಂಧದ ಉಂಡೆಯೊಂದು ಬಾಯಿಗೆ ಬಂತು.

“ಮುನಿಯಪ್ಪಾ, ಟ್ಯೂಬ್ ಎಸಿಯೋ!”

ಮುನಿಯಪ್ಪ ಟ್ಯೂಬು ಹಿಡಿದು ಎಳೆದ. ಅದು ಬರಲಿಲ್ಲ.

“ಬೀಗ ಹಾಕಿದೀನಿ ಗುರು.”

“ಯಾಕೋ?”

“ಕಳ್ಳರು ಹೊತ್ಕೊಂಡು ಹೋಗಲ್ವಾ? ಕೀ ಮನೇಲಿದೆ, ದೇವ್ರ ಮುಂದೆ ಇಟ್ಟಿದೀನಿ. ಹೋಗಿ ತರ್ಲಾ?”

ದಡದಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು. ‘ಅಂಕಲ್ ಸೂಪರ್ ಆಕ್ಟಿಂಗ್ ಮಗಾ’ ಎಂದು ಯಾರೋ ಮೊಬೈಲ್ ಎತ್ತಿದ್ದು ಕಾಣಿಸಿತು. ನಾನು ಇದೇ ಕೆರೆಯಲ್ಲಿ ಇಷ್ಟು ಸಲ ಮುಳುಗಿದಂತೆ ನಟಿಸಿದ್ದೇನೆಂದರೆ, ನಿಜವಾಗಿ ಮುಳುಗುವಾಗ ಅದಕ್ಕಿಂತ ಕಳಪೆಯಾಗಿ ಮುಳುಗುತ್ತಿದ್ದೆ. ಕಮಲ ಮಾತ್ರ ನಗಲಿಲ್ಲ. ನಟಿಸುವಾಗ ನಾನು ಒಂದು ಕಣ್ಣಲ್ಲಿ ಅವಳನ್ನು ನೋಡುತ್ತಿರುತ್ತೇನಂತೆ, ಆವತ್ತು ನೋಡಲಿಲ್ಲವಂತೆ.

“ಮುನಿಯಪ್ಪನವ್ರೇ, ಆ ಕುಂಬಳಕಾಯಿ ಎಸೀರಿ,” ಎಂದು ದಡದಿಂದಲೇ ಕೂಗಿದಳು.

“ಅದು ಮಜ್ಜಿಗೆಹುಳಿಗೆ ಅಂತ...”

“ಎಸೀರಿ ಅಂದೆ!”

ಬೂದುಗುಂಬಳ ದಬಕ್ಕನೆ ಬಿತ್ತು, ಒಮ್ಮೆ ಮುಳುಗಿ ಎದ್ದು ತೇಲಿತು. ಅದಕ್ಕೆ ಕವರಿರಲಿಲ್ಲ, ಬೀಗವೂ ಇರಲಿಲ್ಲ. ನಾನು ಅದನ್ನು ಅಪ್ಪಿಕೊಂಡೆ. ಮುನಿಯಪ್ಪ ಹುಟ್ಟು ಚಾಚಿ ನನ್ನನ್ನೂ ಕುಂಬಳವನ್ನೂ ದೋಣಿಯ ಪಕ್ಕಕ್ಕೆ ಎಳೆದುಕೊಂಡ.

ದಡಕ್ಕೆ ಬಂದ ಮೇಲೂ ನಾನು ಸೋಲೊಪ್ಪಲಿಲ್ಲ. ನನ್ನನ್ನು ಉಳಿಸಿದ ಸಾಮಾನು ದೋಣಿಯದೇ, ಆದ್ದರಿಂದ ಪರೀಕ್ಷೆ ಪಾಸು ಎಂದು ವಾದಿಸಿದೆ. ಕಮಲ ತಲೆಯಾಡಿಸಿದಳು.

“ಸರಿ ರೀ, ದೋಣಿ ಪಾಸು. ನೀವು ಫೇಲು.”

ಈಗ ಸುರಕ್ಷಾಧಿಕಾರಿ ಅವಳೇ. ಕವರುಗಳನ್ನೆಲ್ಲ ಕಿತ್ತೆಸೆದಳು. ಬೀಗವನ್ನು ಮುನಿಯಪ್ಪನ ಕೈಯಲ್ಲೇ ಕೆರೆಗೆ ಹಾಕಿಸಿದಳು. ವಿಶಲ್ಲನ್ನು ಪ್ರತಿ ಭಾನುವಾರ ನನ್ನ ಕಿವಿಯ ಪಕ್ಕ ಊದಿ ಪರೀಕ್ಷಿಸುತ್ತಾಳೆ. ಆಮೇಲೆ ಜಾಕೆಟ್ಟಿನ ಪಟ್ಟಿ ಬಿಗಿದುಕೊಂಡು ಮುನಿಯಪ್ಪನ ಜೊತೆ ಹಾಯಿ ಬಿಚ್ಚಿ ಹೊರಟುಬಿಡುತ್ತಾಳೆ. ಗಾಳಿಯೂ ಅವಳ ಮಾತು ಕೇಳುತ್ತದೆ ಎಂದು ಮುನಿಯಪ್ಪ ಹೊಗಳುತ್ತಾನೆ. ನಾನು ಚೀಲ ಹಿಡಿದು ಶಿವಾಜಿನಗರಕ್ಕೆ. ದೋಣಿಯಲ್ಲಿ ಯಾವಾಗಲೂ ಒಂದು ಬೂದುಗುಂಬಳ ಇರಲೇಬೇಕೆಂಬುದು ಹೊಸ ಅಧಿಕಾರಿಯ ಅಪ್ಪಣೆ. ‘ಇದ್ಯಾ ಅಂತ ಕೇಳಿ ತರೋದಲ್ಲ, ಮುಳುಗ್ಸಿ ನೋಡಿ ತನ್ನಿ’ ಎಂದಿದ್ದಾಳೆ.

ಹೋದ ವಾರ ತರಕಾರಿಯ ಸೆಲ್ವಿ, ನಾನು ಅವಳ ಬಕೆಟ್ಟಿನ ನೀರಿನಲ್ಲಿ ಕುಂಬಳವನ್ನು ಅದುಮಿ ಹಿಡಿದದ್ದನ್ನು ನೋಡಿ ಕೇಳಿದಳು.

“ಇನ್ನಾ ಸಾಮಿ, ಏನಿದು? ಸಾಂಬಾರ್‌ಗಾ, ದೃಷ್ಟಿಗಾ?”

“ಎರಡಕ್ಕೂ ಅಲ್ಲಮ್ಮ. ನೀರಿಗೆ ಬಿದ್ರೆ ಪ್ರಾಣ ಉಳಿಸ್ಕೊಳ್ಳೋಕೆ.”

ಸೆಲ್ವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕಪಕ್ಕದ ಅಂಗಡಿಯವರನ್ನೂ ಕರೆದು ಹೇಳಿದಳು, ಅವರೂ ನಕ್ಕರು. ನಾನು ಜೋಕು ಹೇಳಿದಾಗ ಯಾರೂ ಇಷ್ಟು ನಕ್ಕಿರಲಿಲ್ಲ. ನಿಜ ಹೇಳಿದರೆ ಇಷ್ಟೊಂದು ನಗು ಗಿಟ್ಟುತ್ತದೆಂದು ಮೊದಲೇ ಗೊತ್ತಿದ್ದರೆ, ಆ ರಬ್ಬರ್ ಹಲ್ಲಿಯನ್ನು ನಾನು ಕವರಿನಿಂದ ತೆಗೆಯುತ್ತಲೇ ಇರಲಿಲ್ಲ.