ಅರ್ಧ ಹಂದಿಗಾಗಿ ಅಖಂಡ ದಾಂಪತ್ಯ

"ಈ ಸಲ ಆ ಹಂದಿ ನಮ್ಮನೆಗೆ ಬರದೇ ಇದ್ರೆ ನನ್ನ ಹೆಸರು ಕ್ಲೆಮೆಂಟ್ ಪ್ರಾಟ್ ಅಲ್ಲ!" ಎಂದು ಕ್ಲೆಮೆಂಟ್ ಟೀ ಕುಡಿಯುತ್ತಲೇ ಭೀಷ್ಮಪ್ರತಿಜ್ಞೆ ಮಾಡಿದ.

ದುಡಿದು ಸಂಸಾರ ಸಾಕುವುದಕ್ಕೆ ಇಂಗ್ಲಿಷಿನಲ್ಲಿ 'ಮನೆಗೆ ಬೇಕನ್ ತರುವುದು', ಅಂದರೆ ಉಪ್ಪು ಹಾಕಿದ ಹಂದಿಮಾಂಸ ತರುವುದು, ಎನ್ನುತ್ತಾರಲ್ಲ, ಆ ಮಾತು ಹುಟ್ಟಿದ್ದೇ ತಮ್ಮೂರಿನಲ್ಲಿ ಎಂಬುದು ಡನ್‌ಮೋ ಜನರ ಜಂಬ. ಒಂದು ವರ್ಷ ಒಂದು ದಿನ ಜಗಳವಾಡದ ಗಂಡ ಹೆಂಡತಿ ಅದನ್ನು ನ್ಯಾಯಸಭೆಯಲ್ಲಿ ಸಾಬೀತು ಮಾಡಿದರೆ ಉಪ್ಪು ಹಾಕಿದ ಅರ್ಧ ಹಂದಿ ಬಹುಮಾನ! ಜೊತೆಗೆ ಕುರ್ಚಿಯಲ್ಲಿ ಕೂರಿಸಿ, ಹೆಗಲ ಮೇಲೆ ಹೊತ್ತು ಮೆರವಣಿಗೆ. ನಾಲ್ಕು ವರ್ಷಕ್ಕೊಮ್ಮೆ ಈ ಸಭೆ. ಹಿಂದಿನ ಸಲ ಗೆದ್ದವರು ಕ್ಲೆಮೆಂಟನ ನಾದಿನಿ ಬೆರಿಲ್ ಮತ್ತು ಅವಳ ಗಂಡ. ಅಂದಿನಿಂದ ಪ್ರತಿ ಭಾನುವಾರದ ಊಟದಲ್ಲೂ ಅವಳು ಆ ಮೆರವಣಿಗೆಯನ್ನು ಬಣ್ಣಿಸಿ ಭಾವನ ಗಂಟಲಲ್ಲಿ ಆಲೂಗಡ್ಡೆ ಸಿಕ್ಕಿಸುತ್ತಿದ್ದಳು.

ಶುರುವಾಯಿತು ತಪಸ್ಸು! ಸಿಟ್ಟು ಬಂದಾಗಲೆಲ್ಲ ಕ್ಲೆಮೆಂಟ್ ಹಿತ್ತಲ ಶೆಡ್ಡಿಗೆ ಓಡಿದ. ಹೆಂಡತಿ ಎನಿಡ್ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ಅವನು ಜನವರಿಯ ಚಳಿಯಲ್ಲಿ ಹೀಟರ್ ಆರಿಸಿದರೂ ಅವಳು "ಹಿತವಾಗಿದೆ ರೀ" ಎಂದಳು. ಅವಳು ಅವನ ಪ್ರಾಣಪ್ರಿಯ ಹಳೇ ಟೋಪಿಯನ್ನು ಯಾರಿಗೋ ದಾನ ಕೊಟ್ಟರೂ "ತಲೆ ಹಗುರಾಯ್ತು ಕಣೇ" ಎಂದ. ಹಲ್ಲು ಕಚ್ಚಿ ಕಚ್ಚಿ ದವಡೆ ನೋವು ಬಂತೇ ಹೊರತು ಪಟ್ಟು ಸಡಿಲಲಿಲ್ಲ.

ಆ ದಿನ ಬಂತು. ಬೆರಿಲ್ ಮುಂದಿನ ಸಾಲಿನಲ್ಲೇ ಕೂತಿದ್ದಳು. ಬಹುಮಾನ ಕೈತಪ್ಪಿಸಲು ಹಂದಿಯ ಪರ ವಾದಿಸುವ ಒಬ್ಬ ವಕೀಲ ಬೇರೆ! ಅವನು ಎಷ್ಟು ಕೆಣಕಿದರೂ ದಂಪತಿಗಳು ಕೈ ಕೈ ಹಿಡಿದು ಮುಗುಳ್ನಗುತ್ತಲೇ ಇದ್ದರು. ಕೊನೆಗೆ ವಕೀಲ ಸೋತವನಂತೆ ಕೇಳಿದ:

"ಭೇಷ್! ನಿಮ್ಮಿಬ್ಬರಲ್ಲಿ ಜಾಸ್ತಿ ಸಹಿಸಿಕೊಂಡವರು ಯಾರು?"

"ನಾನು" ಎಂದರು ಇಬ್ಬರೂ ಒಟ್ಟಿಗೆ.

ಹಿಡಿದ ಕೈ ಬಿಟ್ಟಿತು.

"ಏನ್ರೀ, ನೀವಾ? ಶೆಡ್ಡಲ್ಲಿ ಟೊಮೇಟೊ ಗಿಡಕ್ಕೆ ನನ್ನ ಹೆಸರಿಟ್ಟು ಬೈತಿದ್ದೋರು ಯಾರು?"

"ನಲ್ಲಿ ಬಿಟ್ಕೊಂಡು ನನ್ನ ವಂಶಾನೇ ಜಾಲಾಡ್ತಿದ್ದೋಳು ಯಾರು? ನೀರಿನ ಸದ್ದಲ್ಲಿ ಕೇಳ್ಸಲ್ಲ ಅಂದ್ಕೊಂಡ್ಯಾ?"

"ಹೀಟರ್ ಆರಿಸಿ ನನ್ನನ್ನ ಸಾಯಿಸ್ತಿದ್ರಲ್ಲ!"

"ನನ್ನ ಟೋಪಿ!"

"ಅದು ನಾತ ಹೊಡೀತಿತ್ತು!"

ಹಂದಿ ಗೆದ್ದಿತು. ಸೋತವರು ಖಾಲಿ ಕುರ್ಚಿಯ ಹಿಂದೆ ಪೇಟೆಯವರೆಗೂ ನಡೆಯಬೇಕು, ಅದು ಊರ ಪದ್ಧತಿ. "ಕುರ್ಚಿ ಚೆನ್ನಾಗಿದೆ ಅಲ್ವಾ ಭಾವ?" ಎಂದು ಬೆರಿಲ್ ಕೂಗಿದಳು. ಕ್ಲೆಮೆಂಟನಿಗೆ ಅಳುವೇ ಬಂತು.

"ಬೇಜಾರಾಯ್ತಾ ರೀ?" ಎಂದಳು ಎನಿಡ್ ಮೆಲ್ಲಗೆ.

"ಆಗ್ದೇ ಏನು? ಇನ್ನು ನಾಲ್ಕು ವರ್ಷ ಬಾಯಿ ಮುಚ್ಕೊಂಡಿರಬೇಕಲ್ಲ!"

"ಅಯ್ಯೋ ಪೆದ್ದೇ, ಲೆಕ್ಕಕ್ಕೆ ಬರೋದು ಕಡೇ ವರ್ಷ ಮಾತ್ರ. ಅಲ್ಲೀವರೆಗೂ ನಮ್ಮದೇ ರಾಜ್ಯ!"

ಕ್ಲೆಮೆಂಟನ ಮುಖ ಅರಳಿತು. ಗಂಟಲು ಸರಿಮಾಡಿಕೊಂಡ. "ಹಾಗಿದ್ರೆ ಕೇಳು. ಆ ಟೋಪಿ ಇದ್ಯಲ್ಲಾ..."

"ತಡೀರಿ" ಎಂದು ಎನಿಡ್ ತೋಳು ಮಡಚಿದಳು. "ಮೊದಲು ನಂದು. ಜಾಸ್ತಿ ಸಹಿಸಿಕೊಂಡೋಳು ನಾನು ತಾನೆ?"