ಗಿಟಾರಿಗೆ ದಂತಚಿಕಿತ್ಸೆ

ಊರಿನವರೆಲ್ಲ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದವರೇ. ಆದರೆ ಅವರನ್ನು ಹೊಗಳಲು ಬಾಯಿ ತೆರೆದವರು ಒಬ್ಬರೂ ಇಲ್ಲ. ಎಷ್ಟು ಚೆಂದದ ಕೆಲಸ ಮಾಡಿದರೂ ಅದು ಹೋಗಿ ಸೇರುವುದು ಕತ್ತಲ ಗುಹೆಯೊಳಗೆ, ದವಡೆಯ ಹಿಂದೆ, ನಾಲಗೆಗೆ ಮಾತ್ರ ಗೊತ್ತಾಗುವ ಜಾಗಕ್ಕೆ. ಇನ್ನು ಮನೆಯಲ್ಲೋ, ಡಾಕ್ಟರು ತಾವೇ ಬಾಯಿ ತೆರೆಯುವ ಹಾಗಿಲ್ಲ. (ತೆರೆದರೆ ಒಂದು ಕಡೆಯಿಂದ ತಾಯಿ, ಇನ್ನೊಂದು ಕಡೆಯಿಂದ ಹೆಂಡತಿ ಮುಚ್ಚಿಸುತ್ತಾರೆ.) ತಮ್ಮ ಕೈಚಳಕವನ್ನು ನಾಲ್ಕು ಜನ ನೋಡಿ ಭೇಷ್ ಅನ್ನಬೇಕೆಂಬ ಆಸೆ ಅವರೊಳಗೆ ಹುಳುಕು ಹಲ್ಲಿನ ಹಾಗೆ ಸದಾ ಜುಮ್ಮೆನ್ನುತ್ತಿತ್ತು.

ಅಂಥ ಡಾಕ್ಟರ ಕೈಗೆ ಮಂಚದ ಕೆಳಗಿನಿಂದ ಒಂದು ಗಿಟಾರ್ ಬಂತು.

ಅದು ಹೆಂಡತಿಯದು. ಈಗ ಶಾಲೆಯಲ್ಲಿ ಲೆಕ್ಕದ ಟೀಚರ್ ಆಗಿರುವ ಆಕೆ ಮದುವೆಗೆ ಮೊದಲು ಗೆಳತಿಯರ ಜೊತೆ ತಂಡ ಕಟ್ಟಿಕೊಂಡು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಳಂತೆ. ‘ಅಂತೆ’ ಯಾಕೆಂದರೆ ಡಾಕ್ಟರು ಒಂದು ದಿನವೂ ಕೇಳಿದವರಲ್ಲ. ಸಂಸಾರ, ಮಕ್ಕಳು, ಪರೀಕ್ಷೆ ಪೇಪರುಗಳ ಗಲಾಟೆಯಲ್ಲಿ ಗಿಟಾರ್ ಮಂಚದಡಿಗೆ ಸರಿದು, ಹಳೆಯ ಸೂಟ್‌ಕೇಸಿನ ಪಕ್ಕದಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಈಗ ಆ ಗೆಳತಿಯರೆಲ್ಲ ಭಾನುವಾರ ಮಧ್ಯಾಹ್ನ ಒಂದು ಸಭಾಂಗಣದಲ್ಲಿ ಸೇರಿ ಮತ್ತೆ ನುಡಿಸುವುದೆಂದು ನಿಶ್ಚಯವಾಗಿತ್ತು.

“ಇದಕ್ಕೆ ಜೀವ ಬಂದರೆ ಹೋಗ್ತೀನಿ, ಇಲ್ಲದಿದ್ದರೆ ಇಲ್ಲ,” ಎಂದಳು ಹೆಂಡತಿ. “ಬೇರೆಯವರ ಗಿಟಾರ್ ನನ್ನ ಕೈಗೆ ಒಗ್ಗಲ್ಲ. ನಾಳೆ ಅಂಗಡಿಗೆ ಕೊಟ್ಟು ಬರ್ತೀನಿ.”

“ಅಂಗಡಿಗಾ? ಮನೇಲಿ ನಾನು ಇರೋವಾಗ?”

“ರೀ, ಹೋದ ಸಲ ಟೇಬಲ್ ಫ್ಯಾನ್ ರಿಪೇರಿ ಮಾಡಿದಿರಿ. ಅದೀಗ ಇರೋ ಗಾಳೀನೂ ಹೀರಿಕೊಳ್ಳುತ್ತೆ.”

“ಫ್ಯಾನಿಗೆ ಹಲ್ಲಿಲ್ಲ ಕಣೇ. ಇದನ್ನ ನೋಡು!” ಡಾಕ್ಟರು ಗಿಟಾರಿನ ಕತ್ತಿನುದ್ದಕ್ಕೂ ಅಡ್ಡಡ್ಡಲಾಗಿ ಕೂತ ಲೋಹದ ಪಟ್ಟಿಗಳ ಮೇಲೆ ಬೆರಳಾಡಿಸಿದರು. “ಸಾಲು ಸಾಲು ಹಲ್ಲು! ಬುಡದಲ್ಲೆಲ್ಲ ಹಸಿರು ಪಾಚಿ. ಇದು ನನ್ನದೇ ಕೇಸು.”

ಮೂಲೆಯ ಕುರ್ಚಿಯಿಂದ ತಾಯಿಯ ಬೊಚ್ಚುಬಾಯಿ ತೆರೆಯಿತು. “ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನನಗೆ ಮಗನೇ ಹಲ್ಲಿನ ಡಾಕ್ಟ್ರು, ಆದರೂ ಹಲ್ಲಿಲ್ಲ. ಮೊದಲು ನನ್ನ ಕಟ್ಟುಹಲ್ಲಿನ ಸೆಟ್ ಮುಗಿಸೋ!”

ಹೆಂಡತಿ ಕರ್ಚೀಫು ತೆಗೆದು ಗಿಟಾರಿನ ಮುಖ ಒರೆಸಿದಳು, ಆಡಿ ಬಂದ ಮಗುವಿನ ಮುಖ ಒರೆಸುವ ಹಾಗೆ. ಈ ಹೆಂಗಸು ಎಷ್ಟು ಆಸೆ ಇಟ್ಟುಕೊಂಡಿದ್ದಾಳೆಂದು ಡಾಕ್ಟರಿಗೆ ಆಗ ತಿಳಿಯಿತು. ಇದು ಕೆಟ್ಟರೆ ಫ್ಯಾನ್ ಕೆಟ್ಟ ಹಾಗಲ್ಲ. “ಶನಿವಾರ ಸಂಜೆಗೆ ಸ್ವರ ಹೊರಡುತ್ತೆ, ಇದು ನನ್ನ ಮಾತು,” ಎಂದುಬಿಟ್ಟರು.

ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಜೀರ್ಣೋದ್ಧಾರ ಶುರುವಾಯಿತು. (ಮನೆಯವರು ಆ ವಾರವೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು.) ತುಕ್ಕು ಹಿಡಿದ ತಂತಿಗಳನ್ನು ಕಳಚಿ, ಮುಖದ ಹಲಗೆ ಬಿಚ್ಚಿ, ತಮ್ಮ ಭೂತಗನ್ನಡಿಯಲ್ಲಿ ಒಳಗೆ ಇಣುಕಿದ ಡಾಕ್ಟರು ದಂಗಾಗಿ ಹೋದರು. ಪುಟ್ಟ ಅಯಸ್ಕಾಂತಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿ, ಸುತ್ತಿನ ಮೇಲೆ ಸುತ್ತು, ಎಲ್ಲೂ ಒಂದು ಗಂಟಿಲ್ಲ.

“ಬಾರೇ ಇಲ್ಲಿ, ನೋಡಿಲ್ಲಿ! ಯಾವ ಪುಣ್ಯಾತ್ಮ ಸುತ್ತಿದ್ದು ಇದನ್ನ?”

“ಅದಕ್ಕೆ ಪಿಕಪ್ ಅಂತಾರೆ. ಮೇಲಿನ ತಂತಿ ನಡುಗಿದ್ದನ್ನ ಅದು ಕೇಳಿಸಿಕೊಳ್ಳುತ್ತೆ.”

“ಅಂದರೆ ಕಿವಿ!”

“ಕಿವಿನೇ. ಈ ಮನೇಲಿ ನನ್ನ ಮಾತು ಕೇಳಿಸಿಕೊಂಡಿದ್ದು ಅದೊಂದೇ.”

ಡಾಕ್ಟರು ಅದನ್ನೂ ಕೇಳಿಸಿಕೊಳ್ಳಲಿಲ್ಲ. ಹಲ್ಲಿನ ಪಾಚಿ ಕೆರೆಯುವ ಕೊಕ್ಕೆಯಿಂದ ಪಟ್ಟಿಗಳ ಬುಡ ಕೆರೆದರು. ಹಲ್ಲುಜ್ಜುವ ಪೇಸ್ಟು ಹಚ್ಚಿ, ತಿರುಗುವ ಬ್ರಷ್ಷಿನಿಂದ ಉಜ್ಜಿ ಮುಖ ಕಾಣುವಂತೆ ಹೊಳೆಸಿದರು. ಮನೆಯೆಲ್ಲ ಪುದೀನದ ವಾಸನೆ. ತಲೆಯ ಬಳಿ ತಂತಿಗಳನ್ನು ಆನಿಸುವ ಪುಟ್ಟ ತುಂಡು ಒಡೆದಿತ್ತು; ಹಲ್ಲಿಗೆ ಟೋಪಿ ಮಾಡುವ ಗಟ್ಟಿ ಪಿಂಗಾಣಿಯಲ್ಲಿ ಹೊಸದನ್ನು ಕಡೆದು, ಹಲ್ಲಿನ ಬೇರು ಶುಚಿಮಾಡುವ ಸಣ್ಣ ಅರದಿಂದ ಅದಕ್ಕೆ ಗೀರು ಕೊರೆದರು. ಸದ್ದು ಏರಿಸಿ ಇಳಿಸುವ ತಿರುಗುಗುಬ್ಬಿಗಳು ಕಳೆದುಹೋಗಿದ್ದವು, ಕಟ್ಟುಹಲ್ಲಿಗೆ ಬಳಸುವ ಒಸಡಿನ ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಹೊಸ ಗುಬ್ಬಿಗಳು ಹುಟ್ಟಿದವು. ಸ್ವಿಚ್ಚಿನ ತುದಿಯೂ ಮುರಿದಿತ್ತು. ಅದಕ್ಕೊಂದು ಸೊಗಸಾದ ದವಡೆಹಲ್ಲು ಕೂರಿಸಿದರು.

ಆಗ ಕಂಡಿತು, ಗಿಟಾರಿನ ಪಕ್ಕೆಯಲ್ಲಿ ಒಂದು ತೂತು.

ದುಂಡಗೆ, ಆಳವಾಗಿ, ಕಪ್ಪಗೆ. ಒಳಗೆ ಎರಡು ಸಣ್ಣ ವೈರುಗಳ ತುದಿಯಲ್ಲಿ ಏನೋ ಲೋಹದ ತುಂಡು ಜೋತಾಡುತ್ತಿತ್ತು. ಹಲ್ಲಿನ ಡಾಕ್ಟರಾದವರು ತೂತು ಕಂಡರೆ ಇನ್ನೇನು ಮಾಡಿಯಾರು? ಕೈ ತಾನಾಗಿ ಹೋಯಿತು. ಒಳಗಿನ ನರಕ್ಕೆ ಪೆಟ್ಟಾಗದಂತೆ ಹತ್ತಿ ತುರುಕಿದರು. ಗಿಟಾರಿನ ಮೈ ಮೊದಲು ದಂತದ ಬಿಳುಪಿನದಾಗಿದ್ದು ಈಗ ಹಳದಿಗೆ ತಿರುಗಿತ್ತು. ಬಣ್ಣದ ಮಾದರಿಗಳನ್ನು ಹಿಡಿದು ನೋಡಿದರೆ ಮೂವತ್ತು ವರ್ಷ ಚಹಾ ಕುಡಿದವರ ಮುಂದಿನ ಹಲ್ಲಿಗೆ ಸರಿಯಾಗಿ ಹೊಂದಿತು. ಅದೇ ಬಣ್ಣದ ಸಿಮೆಂಟು ತುಂಬಿ, ನೀಲಿ ದೀಪ ಹಿಡಿದು ಗಟ್ಟಿಮಾಡಿ, ನುಣುಪು ಮಾಡಿದರು. ಕಣ್ಣು ಮುಚ್ಚಿ ಬೆರಳಾಡಿಸಿದರೆ ತೂತು ಎಲ್ಲಿತ್ತೆಂದು ಅವರಿಗೇ ಗೊತ್ತಾಗಲಿಲ್ಲ. ತಮ್ಮ ಬಗ್ಗೆ ತಮಗೇ ಭಕ್ತಿ ಬಂತು.

ಶನಿವಾರ ಸಂಜೆ ಹೊಸ ತಂತಿ ಬಿಗಿದ ಗಿಟಾರನ್ನು ಹೆಂಡತಿಯ ಕೈಗಿತ್ತರು. ಆಕೆ ಕತ್ತಿನ ಮೇಲೆ ಬೆರಳು ಜಾರಿಸಿದಳು. ಎಲ್ಲೂ ತಡೆಯಿಲ್ಲ.

“ರೀ… ಹೊಸದರಲ್ಲೂ ಇದು ಹೀಗಿರಲಿಲ್ಲ!”

ಡಾಕ್ಟರು ನೆಲದಿಂದ ಒಂದು ಗೇಣು ಮೇಲೆದ್ದರು.

“ಇದೇನ್ರೀ? ದವಡೆಹಲ್ಲು!”

“ಸ್ವಿಚ್ಚು. ಬಾಳಿಕೆ ಬರುತ್ತೆ.”

ತಾಯಿ ಕುರ್ಚಿಯಿಂದ ಬಗ್ಗಿ ನೋಡಿದರು. “ಲೋ, ಅದು ನನ್ನ ಸೆಟ್ಟಿಂದಲ್ವೇನೋ?”

ಡಾಕ್ಟರು ಕೇಳಿಸದವರಂತೆ ಕಿಟಕಿಯ ಕಡೆ ನೋಡಿದರು. ಅಷ್ಟರಲ್ಲಿ ಹೆಂಡತಿ ಸ್ಪೀಕರ್ ಡಬ್ಬವನ್ನೂ ಪಿನ್ನಿನ ವೈರನ್ನೂ ತಂದಳು. ಪಿನ್ ಹಿಡಿದುಕೊಂಡು ಗಿಟಾರನ್ನು ಒಂದು ಸುತ್ತು ತಿರುಗಿಸಿ ನೋಡಿದಳು. ಇನ್ನೊಂದು ಸುತ್ತು ತಿರುಗಿಸಿದಳು.

“ರೀ, ಪಿನ್ ಸಿಗಿಸೋ ತೂತು ಎಲ್ಲಿ?”

“ತೂತಾ? ಅದು… ಹುಳುಕಾಗಿತ್ತು. ತುಂಬಿಬಿಟ್ಟೆ.”

ಬೈದಿದ್ದರೆ ಡಾಕ್ಟರು ಬದುಕಿಕೊಳ್ಳುತ್ತಿದ್ದರು. ಆಕೆ ಬೈಯಲಿಲ್ಲ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ತಂತಿ ಮೀಟಿದಳು. ಸೊಳ್ಳೆಯಷ್ಟು ಸದ್ದು ಬಂತು. “ಹೋಗಲಿ ಬಿಡಿ. ಬರಲ್ಲ ಅಂತ ಅವರಿಗೆ ಫೋನ್ ಮಾಡ್ತೀನಿ,” ಎಂದು ಎದ್ದಳು.

“ಮಾಡಬೇಡ! ಇನ್ನೂ ಹೊತ್ತಿದೆ. ಮನೆಯ ಡ್ರಿಲ್ ಇಟ್ಟರೆ ಮರ ಸೀಳುತ್ತೆ. ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗೋಣ,” ಎಂದು ಡಾಕ್ಟರು ಅಂಗಲಾಚಿದರು.

ಭಾನುವಾರ ಬೆಳಿಗ್ಗೆ ಗಿಟಾರ್ ರೋಗಿಗಳ ಕುರ್ಚಿಯಲ್ಲಿ ಅಂಗಾತ ಮಲಗಿತು, ಸ್ಪೀಕರ್ ಡಬ್ಬ ಪಕ್ಕದ ಸ್ಟೂಲಿನ ಮೇಲೆ ಕೂತಿತು. ಮೊದಲು ತೂತು ಎಲ್ಲಿತ್ತೆಂದು ಪತ್ತೆಯಾಗಬೇಕಲ್ಲ? ಇಲ್ಲೇ ಎಲ್ಲೋ ಎಂದು ಹೆಂಡತಿ, ಅಲ್ಲ ಅಲ್ಲಿ ಎಂದು ಡಾಕ್ಟರು. ಕೊನೆಗೆ ಎಕ್ಸ್‌ರೇ ತೆಗೆದದ್ದಾಯಿತು. ಪಕ್ಕೆಯಲ್ಲಿ ಹುಣ್ಣಿಮೆ ಚಂದ್ರನ ಹಾಗೆ ಒಂದು ಬಿಳಿ ಬೊಟ್ಟು ಕಂಡಿತು. ಡಾಕ್ಟರು ಡ್ರಿಲ್ ಎತ್ತಿಕೊಂಡರು. ಸಾವಿರಾರು ಹಲ್ಲು ಕೊರೆದವರು ಅಂದು ಡ್ರಿಲ್ಲನ್ನು ಪಕ್ಕೆಯ ಹತ್ತಿರ ಒಯ್ಯುವುದು, ಮತ್ತೆ ಹಿಂದಕ್ಕೆ ಎಳೆದುಕೊಳ್ಳುವುದು. ಒಂಚೂರು ಜಾರಿದರೂ ಅವಳ ಗಿಟಾರ್ ಹೋಯಿತು.

“ಕೊಡಿ ಇಲ್ಲಿ,” ಎಂದಳು ಹೆಂಡತಿ.

“ನಿನಗೆ ಬರಲ್ಲ ಕಣೇ, ಅದು—”

“ಬಾಯಿ ಮುಚ್ಚಿಕೊಂಡು ಪೈಪ್ ಹಿಡ್ಕೊಳ್ಳಿ.”

ಡಾಕ್ಟರು ಎಂಜಲು ಹೀರುವ ಪೈಪನ್ನು ಹಿಡಿದು ಪುಡಿ ಹೀರುತ್ತ ನಿಂತರು. ಕೈವಾರವಿಲ್ಲದೆ ಕರಿಹಲಗೆಯ ಮೇಲೆ ವೃತ್ತ ಬರೆಯುವ ಟೀಚರ ಕೈ ಅದು. ಅಂಚಿನ ಮರದ ಬಣ್ಣಕ್ಕೂ ಗೀರು ತಾಗದಂತೆ ದುಂಡಗೆ ಕೊರೆದಳು. ಡಾಕ್ಟರು ಬಿಟ್ಟ ಬಾಯಿ ಬಿಟ್ಟಂತೆಯೇ ನೋಡಿದರು. ಆಮೇಲಿನ ಕೆಲಸ ಅವರದಾಯಿತು. ಬಾಗಿದ ಕೊಕ್ಕೆಯನ್ನು ತೂತಿನೊಳಗೆ ಇಳಿಸಿ, ತಾವೇ ತುರುಕಿದ್ದ ಹತ್ತಿ ಕಿತ್ತು, ಕತ್ತಲಲ್ಲಿ ತಡಕಿ, ಆ ಜೋತಾಡುವ ಲೋಹದ ತುಂಡನ್ನು ಮೆಲ್ಲನೆ ಬಾಯಿಯತನಕ ಎಳೆದು ತಂದರು. ಪಿನ್ ಸಿಗಿಸುವ ಸಾಕೆಟ್ಟು ಅದೇ!

“ಇದನ್ನ ಬಿಗಿಯೋ ನಟ್ಟು ಎಲ್ಲೋ ಬಿದ್ದುಹೋಗಿದೆಯಲ್ಲೇ,” ಎಂದರು ಪೆಚ್ಚಾಗಿ.

ಹೆಂಡತಿ ಪರ್ಸಿನಿಂದ ಸೂಜಿಡಬ್ಬಿ ತೆಗೆದಳು. ಗುಂಡಿಗಳ ನಡುವೆ ಒಂದು ಚಪ್ಪಟೆ ನಟ್ಟು ಇತ್ತು. “ಯಾವತ್ತಾದರೂ ಬೇಕಾಗುತ್ತೆ ಅಂತ ಇಟ್ಕೊಂಡಿದ್ದೆ.”

ಇಷ್ಟು ವರ್ಷವೂ! ಡಾಕ್ಟರು ಎರಡೂ ಕೈ ಒಡ್ಡಿ ನಟ್ಟನ್ನು ಇಸಿದುಕೊಂಡು ಬಿಗಿದರು.

ಪಿನ್ ಕ್ಲಿಕ್ಕೆಂದು ಕೂತಿತು. ಹೆಂಡತಿ ದವಡೆಹಲ್ಲನ್ನು ಹಿಂದಕ್ಕೆ ತಳ್ಳಿ, ಒಸಡಿನ ಗುಬ್ಬಿ ತಿರುಗಿಸಿ, ಒಂದೇ ಒಂದು ಸಲ ಮೀಟಿದಳು. ಬೀರುವಿನ ಸ್ಟೀಲ್ ತಟ್ಟೆಗಳೆಲ್ಲ ಗುಯ್ ಎಂದವು. ಡಾಕ್ಟರ ಬಾಯಲ್ಲಿ ಅವರೇ ಬೆಳ್ಳಿ ತುಂಬಿಕೊಂಡಿದ್ದ ಹಲ್ಲೂ ಗುಯ್ ಎಂದಿತು. ಆಮೇಲೆ ಬೆರಳುಗಳು ಓಡತೊಡಗಿದವು. ದಿನಾ ಮನೆಯಲ್ಲಿ ಪೇಪರ್ ತಿದ್ದುವ, ಬಟ್ಟೆ ಮಡಿಸುವ ಬೆರಳುಗಳೇ ಇವು? ತಾವು ಗೊರಕೆ ಹೊಡೆಯುತ್ತಿದ್ದ ಮಂಚದ ಕೆಳಗೇ ಇಷ್ಟೊಂದು ನಾದ ಬಿದ್ದಿತ್ತಲ್ಲ ಎಂದುಕೊಂಡು ಡಾಕ್ಟರು ಕಣ್ಣೊರೆಸಿಕೊಂಡರು. ಕೈಯಲ್ಲಿನ್ನೂ ಪೈಪಿತ್ತು.

ನಾದ ನಿಂತಾಗ ನೋಡಿದರೆ, ಅರೆತೆರೆದ ಬಾಗಿಲಲ್ಲಿ ಕೆನ್ನೆ ಊದಿದ ಒಬ್ಬ ಮನುಷ್ಯ ನಿಂತಿದ್ದ. ಊರಿಗೆ ಹೊಸಬ.

“ಅಯ್ಯೋ, ಹೊತ್ತಾಯ್ತು! ಇವರನ್ನ ನೋಡಿಕೊಂಡು ಬೇಗ ಬನ್ನಿ,” ಎಂದು ಹೆಂಡತಿ ಗಿಟಾರನ್ನೂ ಡಬ್ಬವನ್ನೂ ಹೊತ್ತು ಹೊರಟೇಬಿಟ್ಟಳು.

“ಬನ್ನಿ, ಕೂತ್ಕೊಳ್ಳಿ,” ಎಂದರು ಡಾಕ್ಟರು.

ಹೊಸಬ ಕದಲಲಿಲ್ಲ. “ಬೇಜಾರು ಮಾಡ್ಕೋಬೇಡಿ ಕಾಂಪೌಂಡರ್ರೇ. ಡಾಕ್ಟರಮ್ಮ ಕೊರೆದದ್ದನ್ನ ಬಾಗಿಲಿಂದ ನೋಡಿದೆ. ಆಹಾ, ಏನು ಕೈ! ತೋರಿಸಿದರೆ ಅವರಿಗೇ ತೋರಿಸ್ತೀನಿ.”

“ರೀ ಸ್ವಾಮಿ, ಡಾಕ್ಟರು ನಾನೇ!”

ಹೊಸಬ ಅವರ ಕೈಯಲ್ಲಿದ್ದ ಪೈಪನ್ನು ನೋಡಿ, ಪಾಪ ಎಂಬಂತೆ ತಲೆಯಾಡಿಸಿದ.

ವಾದ ಮಾಡುತ್ತ ಕೂತರೆ ಹೆಂಡತಿಯ ವಾದನ ತಪ್ಪುತ್ತಿತ್ತು. ಡಾಕ್ಟರು ಅವನಿಗೆ ನೋವಿನ ಮಾತ್ರೆ ನುಂಗಿಸಿ, ಬೀಗ ಹಾಕಿ ಓಡಿದರು. ಹೊಸಬನೂ ಹಿಂದೆಯೇ ಓಡಿಬಂದ.

ಸಭಾಂಗಣದಲ್ಲಿ ಹೆಂಡತಿ ನುಡಿಸಿದಳು. ಜನ ಉಸಿರು ಬಿಗಿಹಿಡಿದು ಕೇಳಿ, ಮುಗಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. (ಹೊಸಬ ಒಂದು ಕೈ ಕೆನ್ನೆಯ ಮೇಲಿಟ್ಟುಕೊಂಡು ಇನ್ನೊಂದು ಕೈಯಿಂದ ತೊಡೆ ತಟ್ಟಿದ.) ಮುಂದಿನ ಸಾಲಿನ ಹಿರಿಯರೊಬ್ಬರು ಹಿಂದಕ್ಕೆ ತಿರುಗಿ, “ಏನು ಗಿಟಾರ್ರೀ ಅದು! ಆ ಹೊಳಪು, ಆ ಹಲ್ಲಿನ ಸ್ವಿಚ್ಚು! ಯಾರ ಕೈಕೆಲಸ ಅದು?” ಎಂದು ಕೇಳಿದರು.

ಜನ್ಮದಲ್ಲಿ ಮೊದಲ ಸಲ ಬಂದ ಪ್ರಶ್ನೆ. ಡಾಕ್ಟರು ಎದೆಯುಬ್ಬಿಸಿ ಬಾಯಿ ತೆರೆದರು.

“ಅವರದೇ ಸ್ವಾಮಿ, ಆ ಡಾಕ್ಟರಮ್ಮನದು!” ಹೊಸಬ ಮೊದಲೇ ಹೇಳಿಬಿಟ್ಟ. “ಅವರೇ ಕೊರೆದದ್ದನ್ನ ಕಣ್ಣಾರೆ ಕಂಡಿದೀನಿ. ಇವರು ಅವರ ಕಾಂಪೌಂಡರ್ರು.”

ಡಾಕ್ಟರು ವೇದಿಕೆಯ ಕಡೆ ನೋಡಿದರು. ಹೆಂಡತಿ ನಗುತ್ತ ಮುಂದಿನ ಹಾಡಿಗೆ ದವಡೆಹಲ್ಲನ್ನು ಮುಂದಕ್ಕೆ ತಳ್ಳುತ್ತಿದ್ದಳು.

“ಹೌದು,” ಎಂದರು ಡಾಕ್ಟರು. “ಪೈಪ್ ಹಿಡಿದಿದ್ದು ನಾನೇ.”