ಎರಡು ಇಂಚು ಎತ್ತರದ ವನವಾಸ

ನಾನು ಒಮ್ಮೆ ನಿರ್ಧರಿಸಿದರೆ ಮುಗಿಯಿತು! ಬೆಟ್ಟ ದಾರಿ ಬಿಡಬೇಕು, ಹೊಳೆ ಬದಿಗೆ ಸರಿದು ನಿಲ್ಲಬೇಕು. ಈ ಸಲ ನಿರ್ಧರಿಸಿದ್ದು ಒಂದು ಶನಿವಾರ ಬೆಳಿಗ್ಗೆ, ಹಲ್ಲುಜ್ಜುತ್ತ. ಬಾಯಿತುಂಬ ನೊರೆಯಿದ್ದುದರಿಂದ ಆ ಐತಿಹಾಸಿಕ ಘೋಷಣೆ ಹೆಂಡತಿಗೆ ಸರಿಯಾಗಿ ಕೇಳಿಸಲಿಲ್ಲ.

"ಏನಂದ್ರಿ?"

ಬಾಯಿ ಮುಕ್ಕಳಿಸಿ ಬಂದು ಮತ್ತೊಮ್ಮೆ ಘೋಷಿಸಿದೆ. "ಒಂದು ಪಿಕಪ್ ಗಾಡಿ ತಗೋತೀನಿ. ಅದರ ಬೆನ್ನ ಮೇಲೆ ನನ್ನ ಕೈಯಾರೆ ಒಂದು ಮನೆ ಕಟ್ತೀನಿ. ಮೇಲೆ ಮಲಗೋಕೆ ಟೆಂಟು, ಪಕ್ಕದಲ್ಲಿ ಅಡುಗೆ ಕಟ್ಟೆ, ಒಳಗೆ ಎಂಟು ಡ್ರಾಯರು! ರಸ್ತೆ ಎಲ್ಲಿ ಮುಗಿಯುತ್ತೋ ಅಲ್ಲಿಂದ ನಮ್ಮ ಪ್ರಯಾಣ ಶುರು!"

"ಅಡುಗೆಮನೆ ನಲ್ಲಿ ಮೂರು ವಾರದಿಂದ ಸೋರ್ತಿದೆ. ಅದರ ರಿಪೇರಿ ಎಲ್ಲಿಂದ ಶುರು?"

ಮಹಾಕಾರ್ಯಗಳಿಗೆ ಇಂಥ ವಿಘ್ನಗಳು ಸಹಜ. ನಾನು ವಿಚಲಿತನಾಗಲಿಲ್ಲ. ಏಕೆಂದರೆ ಈ ಯೋಜನೆ ಅವಳಿಗಾಗಿಯೇ ಹುಟ್ಟಿದ್ದು. ಅವಳ ಕೆಲಸ ಒಂದು ಕಂಪನಿಯ ದೂರು ವಿಭಾಗದಲ್ಲಿ. ಕಿವಿಗೆ ಫೋನು ಸಿಕ್ಕಿಸಿಕೊಂಡು ದಿನಕ್ಕೆ ಎಂಟು ಗಂಟೆ ಕಾಲ ಕಂಡ ಕಂಡವರ ಬೈಗುಳಕ್ಕೆ "ಕ್ಷಮಿಸಿ, ನಿಮ್ಮ ತೊಂದರೆ ಅರ್ಥವಾಗುತ್ತದೆ" ಎನ್ನುವುದು. ಮನೆಗೆ ಬಂದ ಮೇಲೂ ಆ ವಾಕ್ಯ ನಿಲ್ಲುತ್ತಿರಲಿಲ್ಲ. ಮೊನ್ನೆ ಕುಕ್ಕರ್ ಕೂಗಿದಾಗ ಅದಕ್ಕೂ ಕ್ಷಮೆ ಕೇಳಿದ್ದಳು. ಅವಳು ಬರಬರುತ್ತ ನಗುವುದನ್ನೇ ಬಿಟ್ಟಿದ್ದಳು. ಅದು ಮಾತ್ರ ನನಗೆ ಹಾಸ್ಯದ ವಿಷಯವಾಗಿರಲಿಲ್ಲ.

"ಎರಡು ದಿನ ಒಬ್ಬೇ ಒಬ್ಬ ಮನುಷ್ಯನ ಧ್ವನಿ ಕೇಳಿಸಲ್ಲ. ಇದು ನನ್ನ ಮಾತು," ಎಂದೆ.

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. "ನಿಜವಾಗ್ಲೂ?"

ಆ "ನಿಜವಾಗ್ಲೂ"ಗೆ ನಾನು ಪಿಕಪ್ ಏನು, ಹಡಗನ್ನೇ ಕಟ್ಟಲು ಸಿದ್ಧನಿದ್ದೆ.

ಗಾಡಿ ಸಿಕ್ಕಿತು. ಹಿಂದಿನ ಜನ್ಮದಲ್ಲಿ ಅದು ಹಾಸಿಗೆ ಅಂಗಡಿಯೊಂದರ ಸೇವೆಯಲ್ಲಿತ್ತಂತೆ. ಬಾಗಿಲ ಮೇಲೆ "ಸುಖನಿದ್ರೆ ನಮ್ಮ ಹೊಣೆ" ಎಂಬ ಬರಹ ಇನ್ನೂ ಅಳಿಸಿರಲಿಲ್ಲ. ಮನೆ ಪಕ್ಕದ ಶೆಡ್ಡಿಗೆ ಅದನ್ನು ನುಗ್ಗಿಸಿ, ಗರಗಸ ಹಿಡಿದು ನಿಂತೆ. ಐದು ತಿಂಗಳ ಭಾನುವಾರಗಳು ಮರದ ಹೊಟ್ಟಾಗಿ ಹಾರಿಹೋದವು. ಆ ಅವಧಿಯಲ್ಲಿ ನಮ್ಮ ಮನೆಯ ಎಲ್ಲ ತಿಂಡಿಗಳಲ್ಲೂ ಫೆವಿಕಾಲ್ ವಾಸನೆ ಇತ್ತು ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ.

ಇಲ್ಲಿ ನನ್ನ ಉದ್ಯೋಗದ ವಿಷಯ ಹೇಳಲೇಬೇಕು. ಮುಚ್ಚಿಟ್ಟರೆ ಪಾಪ ಸುತ್ತಿಕೊಳ್ಳುತ್ತದೆ. ನಾನು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್! ಊರಿನ ತಕ್ಕಡಿಗಳೆಲ್ಲ ನನ್ನನ್ನು ಕಂಡರೆ ನಡುಗುತ್ತವೆ. ಬಟ್ಟೆ ಅಂಗಡಿಯ ಮೀಟರ್ ಕೋಲಿನಲ್ಲಿ ಒಂದು ಕೂದಲೆಳೆ ಕಡಿಮೆಯಿದ್ದರೂ ನೋಟಿಸು ಕೊಟ್ಟವನು ನಾನು. ಅಂಥವನು ಗಾಡಿಯ ಬೆನ್ನ ಮೇಲೆ ಕಟ್ಟಿದ ಮರದ ಪೆಟ್ಟಿಗೆ ಅಳತೆ ತಪ್ಪುವುದುಂಟೆ? ಶೆಡ್ಡಿನ ಬಾಗಿಲು ಅಳೆದೆ, ಪೆಟ್ಟಿಗೆ ಅಳೆದೆ. ಮಡಿಸಿದ ಟೆಂಟನ್ನು ಮೇಲೆ ಕೂರಿಸಿ ಮತ್ತೆ ಅಳೆದೆ. ಬಾಗಿಲಿಗಿಂತ ಸರಿಯಾಗಿ ಒಂದು ಇಂಚು ಕೆಳಗೆ! ಹೆಂಡತಿಯನ್ನು ಕರೆದು ಟೇಪು ತೋರಿಸಿದೆ.

"ಇಷ್ಟು ಕರಾರುವಾಕ್ಕಾಗಿ ಇನ್ಯಾರು ಮಾಡ್ತಾರೆ ಹೇಳು?"

"ಯಾರೂ ಮಾಡಲ್ಲ ರೀ," ಎಂದಳು. ಅದನ್ನು ಹೊಗಳಿಕೆ ಎಂದುಕೊಂಡೆ.

ಮರುವಾರ ಮೆಕ್ಯಾನಿಕ್ ಶೆಡ್ಡಿಗೇ ಬಂದ. ಕಲ್ಲುಮುಳ್ಳಿನ ದಾರಿಗೆ ಈ ಟೈರು ಸಾಲದು ಎಂದು ದಪ್ಪ ಟೈರು ಹಾಕಿದ. ಪೆಟ್ಟಿಗೆಯ ಭಾರಕ್ಕೆ ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಕೂತುಬಿಡುತ್ತವೆ ಎಂದು ಇನ್ನೆರಡು ಪ್ಲೇಟು ಸೇರಿಸಿದ. ಗಾಡಿ ಎದೆಯುಬ್ಬಿಸಿ ನಿಂತಿತು. ನಾನೂ ನಿಂತೆ. ಗಾಡಿ ಎದೆಯುಬ್ಬಿಸಿದಾಗ ತಲೆಯೂ ಮೇಲೇರುತ್ತದೆ ಎಂಬುದು ನನಗೂ ಹೊಳೆಯಲಿಲ್ಲ, ಮೆಕ್ಯಾನಿಕ್‌ಗೂ ಹೊಳೆಯಲಿಲ್ಲ.

ಅದು ಹೊಳೆದದ್ದು ಹೊರಡುವ ದಿನ, ಬೆಳಗಿನ ಎಂಟು ಗಂಟೆಗೆ. ಗಾಡಿಯ ಮೂತಿ ಹೊರಬಂತು, ಸೀಟು ಹೊರಬಂತು, ಆಮೇಲೆ "ಧಡಾರ್!" ಪೆಟ್ಟಿಗೆಯ ನೆತ್ತಿ ಬಾಗಿಲ ಮೇಲಿನ ಕಾಂಕ್ರೀಟ್ ತೊಲೆಗೆ ಗುದ್ದಿತು. ಇಳಿದು ಅಳೆದೆ. ಎರಡು ಇಂಚು ಹೆಚ್ಚು.

"ಟೈರು ಹಾಕಿದ ಮೇಲೆ ಅಳೆದಿರಲಿಲ್ವಾ?" ಹೆಂಡತಿ ಕೇಳಿದಳು.

"ಇಲ್ಲ."

"ಅಳೆಯೋದು ಮರೆತೋರಿಗೆ ಅಳೋದೇ ಗತಿ!"

ಮೆಕ್ಯಾನಿಕ್‌ಗೆ ಫೋನು ಮಾಡಿದೆ. ಅವನು ಮೊದಲು ಒಂದು ನಿಮಿಷ ನಕ್ಕ. ಆಮೇಲೆ, "ಟೈರಿನ ಗಾಳಿ ಇಳಿಸಿ ಸಾರ್. ಸಾಲದಿದ್ರೆ ಹಿಂದುಗಡೆ ಭಾರ ಹಾಕಿ, ಪ್ಲೇಟು ಕೂರುತ್ತೆ," ಎಂದು ಇನ್ನೊಂದು ನಿಮಿಷ ನಕ್ಕ.

ಗಾಳಿ ಇಳಿಸಿದೆ. ಒಂದಿಂಚು ಕಡಿಮೆಯಾಯಿತು. ಉಳಿದ ಒಂದಿಂಚಿಗೆ ಭಾರ ಬೇಕಲ್ಲ! ಆಗ ನನ್ನ ಕಣ್ಣಿಗೆ ಬಿದ್ದವರು ಪಕ್ಕದ ಬೇಕರಿಯ ಯಜಮಾನರು. ಭಾರದ ವಿಷಯದಲ್ಲಿ ಇಡೀ ಬೀದಿಗೆ ಅವರೇ ಆಸ್ತಿ.

"ಸ್ವಲ್ಪ ಹತ್ತಿ ಕೂತ್ಕೋತೀರಾ?" ಎಂದು ವಿನಯದಿಂದ ಕೇಳಿದೆ.

"ಅದಕ್ಕೇನಂತೆ ಸಾರ್!" ಎಂದು ಹತ್ತಿದರು. ಗಾಡಿ ನಿಟ್ಟುಸಿರುಬಿಟ್ಟು ಅರ್ಧ ಇಂಚು ಕುಸಿಯಿತು. ಗಲಾಟೆ ಕೇಳಿ ನಮ್ಮ ಬೀದಿಯ ಪಿಟೀಲು ಮೇಷ್ಟ್ರು ಬಂದರು. ಅವರನ್ನೂ ಹತ್ತಿಸಿದೆ. ಸೂಜಿಯಂತಿರುವ ಅವರಿಂದ ಕೂದಲೆಳೆಯಷ್ಟೂ ಇಳಿಯಲಿಲ್ಲ. ಕೊನೆಗೆ ಎದುರುಮನೆ ಅಕ್ಕ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದು, "ಸರೀರಪ್ಪ, ಜಾಗ ಬಿಡಿ," ಎಂದು ಹತ್ತಿ ಕುಳಿತರು. ತೊಲೆಗೂ ಪೆಟ್ಟಿಗೆಗೂ ನಡುವೆ ಬೆಳಕು ಕಂಡಿತು!

"ಯಾರೂ ಉಸಿರಾಡಬೇಡಿ!" ಎಂದು ಗಾಡಿ ಬಿಟ್ಟೆ. ಅರ್ಧ ಪೆಟ್ಟಿಗೆ ಹೊರಬಂದಿತ್ತು. ಆಗ ಎದುರುಮನೆಯ ಕುಕ್ಕರ್ ಕೂಗಿತು.

"ಅಯ್ಯೋ, ಒಲೆ ಮೇಲೆ ಇಟ್ಟು ಬಂದಿದ್ದೀನಿ!" ಎಂದು ಅಕ್ಕ ಧೊಪ್ಪನೆ ಹಾರಿದರು. ಗಾಡಿ ಖುಷಿಯಿಂದ ಮೇಲೆದ್ದಿತು. ಪೆಟ್ಟಿಗೆ ತೊಲೆಗೆ ಕಚ್ಚಿಕೊಂಡು ಕಟಕಟ ಎಂದಿತು. ಈಗ ಮುಂದೂ ಇಲ್ಲ, ಹಿಂದೂ ಇಲ್ಲ. ಬೇಕರಿ ಯಜಮಾನರು ಒಳಗಿಂದಲೇ ತಮ್ಮ ಅಂಗಡಿಯತ್ತ ಕೂಗಿ ನಾಲ್ಕು ಮೂಟೆ ಮೈದಾ ತರಿಸಿ ಹಾಕಿಸಿದರು. ಅಕ್ಕ ಒಲೆ ಆರಿಸಿ ಮರಳಿ ಬಂದು ಕುಳಿತರು. ಅಂತೂ ಗಾಡಿ ಕೆಳಗಿಳಿದು, ಬೆನ್ನು ತರಚಿಕೊಂಡು ಬಯಲಿಗೆ ಬಂತು.

"ಬಹಳ ಉಪಕಾರ ಆಯ್ತು, ಇಳೀರಿ," ಎನ್ನಲು ಬಾಯಿ ತೆರೆದೆ. ಹೆಂಡತಿ ಬೀದಿಯ ತುದಿಗೆ ಬೆರಳು ತೋರಿಸಿದಳು. ರೈಲ್ವೆ ಸೇತುವೆ! ನಮ್ಮ ಬೀದಿಯಿಂದ ಗಾಡಿಗಳು ಆಚೆ ಹೋಗಲು ಅದರ ಕೆಳಗಿನದ್ದೇ ದಾರಿ. ಎತ್ತರ ಬರೆದ ಹಲಗೆ ನೇತಾಡುತ್ತಿತ್ತು. ಎತ್ತರದಲ್ಲಿ ಸೇತುವೆಯೂ ನನ್ನ ಶೆಡ್ಡಿನ ಬಾಗಿಲೂ ಅವಳಿಜವಳಿ.

"ಇಳೀಬೇಡಿ!" ಎಂದು ಕಿರುಚಿದೆ.

ಸೇತುವೆ ದಾಟಿದೆವು. ತಲೆಯ ಮೇಲೆ ರೈಲು ಹೋಗುತ್ತಿದ್ದಾಗ ಪಿಟೀಲು ಮೇಷ್ಟ್ರು ಒಳಗೆ ಕಣ್ಣುಮುಚ್ಚಿ ಕುಳಿತಿದ್ದರಂತೆ. ಆಚೆ ಬದಿಗೆ ನಿಲ್ಲಿಸಿ, "ಈಗ ಇಳೀಬಹುದು," ಎಂದೆ. ಯಾರೂ ಅಲುಗಲಿಲ್ಲ.

"ಇಳೀತೀವಪ್ಪ," ಎಂದರು ಅಕ್ಕ. "ವಾಪಸ್ ಬರುವಾಗ ಸೇತುವೆ ಕೆಳಗೆ ಯಾರನ್ನ ಕೂರಿಸ್ಕೋತೀಯ?"

ಇಲಾಖಾ ಪರೀಕ್ಷೆಯಲ್ಲೂ ನನಗೆ ಇಷ್ಟು ಕಠಿಣ ಪ್ರಶ್ನೆ ಬಂದಿರಲಿಲ್ಲ.

"ನಾನು ಅಂಗಡಿ ಬಿಟ್ಟು ಆಚೆ ಹೋಗಿ ನಾಲ್ಕು ವರ್ಷ ಆಯ್ತು ಸಾರ್," ಎಂದರು ಬೇಕರಿ ಯಜಮಾನರು, ಮೂಟೆಗೆ ಒರಗಿಕೊಂಡು. "ಮೂಟೆ ಜೊತೆ ಬ್ರೆಡ್ಡು, ಬನ್ನೂ ಬಂದಿದೆ. ಸಂಜೆಯೊಳಗೆ ಬಂದ್ರೆ ಸಾಕು."

ನಾನು ಹೆಂಡತಿಯ ಮುಖ ನೋಡಲಾರದೆ ನೋಡಿದೆ. ಎರಡು ದಿನ ಮನುಷ್ಯರ ಧ್ವನಿ ಕೇಳಿಸದ ವನವಾಸದ ಭರವಸೆ ಕೊಟ್ಟವನು, ಬೀದಿಯ ಅರ್ಧ ಜನರನ್ನು ಹಿಂದೆ ತುಂಬಿಕೊಂಡು ನಿಂತಿದ್ದೆ. ಆ ವನವಾಸವೂ ಒಂದೇ ದಿನಕ್ಕೆ ಇಳಿದಿತ್ತು!

"ನಡೀರಿ," ಎಂದಳು ಅವಳು ನಿಟ್ಟುಸಿರಿಟ್ಟು. "ನಿಮ್ಮ ತೊಂದರೆ ಅರ್ಥವಾಗುತ್ತದೆ."

ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಗಾಳಿ ತುಂಬಿಸಿ ಡಾಂಬರು ರಸ್ತೆ ಮುಗಿಸಿ ಮಣ್ಣಿನ ದಾರಿಗಿಳಿದೆವು. ಗುಂಡಿ ಬಂದಾಗಲೆಲ್ಲ ಹಿಂದಿನಿಂದ "ಅಮ್ಮಾ", "ಅಪ್ಪಾ" ಎಂಬ ಬಂಧುಸ್ಮರಣೆ ಕೇಳಿಬರುತ್ತಿತ್ತು. ನಾನು ನಕ್ಷೆಯಲ್ಲಿ ಗುರುತಿಸಿದ್ದ ಜಾಗಕ್ಕೆ ಇನ್ನೂ ಹನ್ನೆರಡು ಕಿಲೋಮೀಟರ್ ಇರುವಾಗ ಒಂದು ಒಣಗಿದ ಹಳ್ಳ ಅಡ್ಡ ಬಂತು. ಮರಳೋ ಮರಳು.

"ಮರಳಲ್ಲಿ ಗಾಳಿ ಕಡಿಮೆ ಇರಬೇಕು ಅಂತ ಮೆಕ್ಯಾನಿಕ್ ಹೇಳಿರಲಿಲ್ವಾ?" ಎಂದಳು ಹೆಂಡತಿ.

"ಧೈರ್ಯ ಹೆಚ್ಚಿದ್ದರೆ ಸಾಕು!" ಎಂದು ವೇಗ ಹೆಚ್ಚಿಸಿದೆ.

ಹಳ್ಳದ ನಟ್ಟನಡುವೆ ಹಿಂದಿನ ಚಕ್ರ ಮೊಣಕಾಲುದ್ದ ಹೂತುಹೋಯಿತು. ಇಂಥ ಮರಳಿನಿಂದ ಮರಳುವುದು ಹೇಗೆ? ಎಲ್ಲರೂ ಇಳಿದರು. ಗಾಳಿ ಇಳಿಸಿದೆ. ಪಿಟೀಲು ಮೇಷ್ಟ್ರು ಕೈಯೆತ್ತಿ ತಾಳ ಹಾಕಿದರು, ಎಲ್ಲರೂ ತಾಳಕ್ಕೆ ಸರಿಯಾಗಿ ತಳ್ಳಿದರು. ಗಾಡಿ ಮಾತ್ರ ತಾಳ ತಪ್ಪಿತು. ಚಕ್ರದ ಕೆಳಗೆ ಹಲಗೆ ಬೇಕು ಎಂದರು ಯಜಮಾನರು. ಹೋಗಿ ನನ್ನ ಎಂಟು ಡ್ರಾಯರುಗಳಲ್ಲಿ ಒಂದರ ಹಿಡಿ ಹಿಡಿದು ಎಳೆದರು. ಅದು ಬರಲಿಲ್ಲ. ಮಾಡಿದಂದಿನಿಂದ ಅದು ಬಂದೇ ಇರಲಿಲ್ಲ. ಅವರು ಗಾಡಿಗೆ ಕಾಲು ಕೊಟ್ಟು ಜಗ್ಗಿದರು. ಡ್ರಾಯರು, ಚೌಕಟ್ಟು, ಪಕ್ಕದ ಎರಡು ಹಲಗೆ ಒಟ್ಟಿಗೇ ಕೈಗೆ ಬಂದವು!

"ಅಂತೂ ತೆರೀತು," ಎಂದಳು ಹೆಂಡತಿ.

ಹಲಗೆ ಚಕ್ರದ ಕೆಳಗೆ ಹೋಯಿತು. ಮತ್ತೆ ತಾಳ, ಮತ್ತೆ ತಳ್ಳು. ಗಾಡಿ ಗುಟುರು ಹಾಕಿ ದಡ ಹತ್ತಿತು. ಎದ್ದ ಮರಳೆಲ್ಲ ತಳ್ಳುತ್ತಿದ್ದವರ ಮೇಲೆ. ಎದುರುಮನೆ ಅಕ್ಕನ ಮುಖದಲ್ಲಿ ಕಣ್ಣು ಎರಡೇ ಕಾಣುತ್ತಿದ್ದವು. ಅವರು ಅದೇ ಮುಖದಿಂದ ಗಂಭೀರವಾಗಿ, "ಕುಕ್ಕರ್ ಆರಿಸಿದ್ನಾ, ಇಲ್ವಾ?" ಎಂದರು.

ಆಗ ಒಂದು ಸದ್ದು ಕೇಳಿತು. ಇಂಜಿನ್ನೇನೋ ಕೆಟ್ಟಿತೆಂದು ಗಾಬರಿಯಾಗಿ ತಿರುಗಿದೆ. ಇಂಜಿನ್ನಲ್ಲ. ನನ್ನ ಹೆಂಡತಿ ಮರಳಿನಲ್ಲಿ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು! ನಿಲ್ಲಿಸಲು ಹೋಗಿ ಮತ್ತೆ ನಗುತ್ತಿದ್ದಳು. ಕೊನೆಗೆ ಕಣ್ಣೊರೆಸಿಕೊಂಡಳು.

ದಡದ ಮೇಲೊಂದು ದೊಡ್ಡ ಮರ. ಅದರ ನೆರಳಲ್ಲೇ ನಮ್ಮ ಶಿಬಿರ. ಪೆಟ್ಟಿಗೆಯ ಪಕ್ಕದ ಬಾಗಿಲನ್ನು ಕೆಳಗೆ ಮಡಿಸಿದರೆ ಅದೇ ಅಡುಗೆ ಕಟ್ಟೆ. ಸ್ಟವ್ ಹಚ್ಚಿ ಟೀ ಇಟ್ಟೆ. ಮೈದಾ ಮೂಟೆಗಳು ಸೋಫಾ ಆದವು. ಬನ್ನು ಕೈಯಿಂದ ಕೈಗೆ ಹೋಯಿತು. ಹೆಂಡತಿ ಆಫೀಸಿನಲ್ಲಿ ಬರುವ ವಿಚಿತ್ರ ದೂರುಗಳನ್ನು ಧ್ವನಿ ಬದಲಾಯಿಸಿ ಬದಲಾಯಿಸಿ ನಟಿಸಿ ತೋರಿಸಿದಳು. ನಕ್ಕು ನಕ್ಕು ಪಿಟೀಲು ಮೇಷ್ಟ್ರಿಗೆ ಟೀ ನೆತ್ತಿಗೇರಿತು. ಹೆಂಡತಿಗೆ ಲೋಟ ಕೊಡಲು ಹೋದಾಗ ಮೆಲ್ಲಗೆ ಕೇಳಿದೆ.

"ಬೇಜಾರಾಯ್ತಾ? ಮನುಷ್ಯರ ಧ್ವನಿ ಕೇಳಿಸಲ್ಲ ಅಂದಿದ್ದೆ."

"ದೂರು ಹೇಳದ ಮನುಷ್ಯರ ಧ್ವನಿ ಕೇಳಿ ಎಷ್ಟು ದಿನ ಆಗಿತ್ತು ಗೊತ್ತಾ?" ಎಂದಳು. "ಸಕ್ಕರೆ ಸ್ವಲ್ಪ ಕಡಿಮೆ ಹಾಕಿದ್ದೀರಿ. ಇದು ದೂರಲ್ಲ."

ನನ್ನ ಎದೆ ಮತ್ತೆ ಉಬ್ಬಿತು. ಅಷ್ಟರಲ್ಲಿ ಆಚೆ ದಿಕ್ಕಿನಿಂದ ಧೂಳೆಬ್ಬಿಸುತ್ತ ಒಂದು ಜೀಪು ಬಂದು ನಮ್ಮ ಮುಂದೆ ನಿಂತಿತು. ಮೂವರು ಜೀಪಿನಲ್ಲೇ ಕುಳಿತಿದ್ದರು, ಬಿಳಿ ಮೀಸೆಯ ಹಿರಿಯರೊಬ್ಬರು ಇಳಿದು ಬಂದರು. ಅವರಿಗೆ ಕಂಡದ್ದಿಷ್ಟು: ಮರದ ಕೆಳಗೆ ಗಾಡಿ, ಗಾಡಿಗೆ ಕಟ್ಟೆ, ಕಟ್ಟೆಯ ಮೇಲೆ ಸ್ಟವ್ವು, ಸುತ್ತ ಲೋಟ ಹಿಡಿದು ಕುಳಿತ ಜನ.

"ನಾಲ್ಕು ಟೀ ಕೊಡಿ," ಎಂದರು.

ನಾನು ಸಾಹಸಯಾತ್ರಿ ಎಂದು ವಿವರಿಸಲು ಬಾಯಿ ತೆರೆದೆ. ಹೆಂಡತಿ ಕಣ್ಣಲ್ಲೇ "ಸುಮ್ಮನಿರಿ" ಎಂದಳು. ನಾಲ್ಕು ಟೀ ಕೊಟ್ಟೆ. ಹಿರಿಯರು ಕುಡಿಯುತ್ತ ನನ್ನ ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿದರು. ಮೂಲೆಗಳ ಮೇಲೆ ಬೆರಳಾಡಿಸಿದರು, ಡ್ರಾಯರು ಕಿತ್ತುಬಂದ ಕಿಂಡಿಯಲ್ಲಿ ಇಣುಕಿದರು. ಅವರ ಮುಖದಲ್ಲಿ ನೋವು ಕಾಣಿಸಿತು.

"ನಾನು ನಲವತ್ತು ವರ್ಷದಿಂದ ಬಡಗಿ ಕೆಲಸ ಮಾಡ್ತಿದ್ದೀನಿ. ಬೇಜಾರು ಮಾಡ್ಕೋಬೇಡಿ," ಎಂದರು. "ನಿಮಗೆ ಯಾರೋ ಸರಿಯಾಗಿ ಟೋಪಿ ಹಾಕಿದ್ದಾರೆ. ಒಂದು ಮೂಲೆನಾದ್ರೂ ನೆಟ್ಟಗಿದೆಯಾ? ಯಾರು ಅವನು? ಎಲ್ಲಿ ಸಿಗ್ತಾನೆ ಹೇಳಿ, ನಾನು ಮಾತಾಡ್ತೀನಿ."

ಬೇಕರಿ ಯಜಮಾನರು ಮರದ ಕೊಂಬೆಗಳನ್ನು ಎಣಿಸತೊಡಗಿದರು. ಮೇಷ್ಟ್ರು, ಅಕ್ಕ ಇಬ್ಬರೂ ಲೋಟದೊಳಗೆ ಮುಖ ಮುಚ್ಚಿಕೊಂಡರು.

"ಬಿಡಿ ಅಣ್ಣ, ಪಾಪದವನು," ಎಂದಳು ನನ್ನ ಹೆಂಡತಿ ತಣ್ಣಗೆ. "ಮರದ ಕೆಲಸ ಬರಲ್ಲ ಅನ್ನೋದೊಂದು ಬಿಟ್ರೆ ಮನುಷ್ಯ ಒಳ್ಳೆಯವನು. ಟೀ ಚೆನ್ನಾಗಿ ಮಾಡ್ತಾನೆ."

ಹಿರಿಯರು ಕೈಯಲ್ಲಿದ್ದ ಲೋಟ ನೋಡಿದರು. ಆಮೇಲೆ ನನ್ನನ್ನು ನೋಡಿದರು. ತುಂಬ ಹೊತ್ತು ನೋಡಿದರು. ಗಂಟಲು ಸರಿಮಾಡಿಕೊಂಡು ಲೋಟವನ್ನು ನನ್ನ ಮುಂದಕ್ಕೆ ಚಾಚಿದರು.

"ಹಾಗಾದ್ರೆ ಅವರಿಗೆ ಹೇಳಿ, ಇನ್ನೊಂದು ಟೀ ಕೊಡಲಿ."